ಮೂರು ಸಲ ಉತ್ತರಿಸದವರು

ಕಿವಿಯಂತ್ರ ಮಾರುವ ಆ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷದಿಂದ ದಾಖಲೆ ನೋಡಿಕೊಳ್ಳುತ್ತಿದ್ದ ಅವಳನ್ನು ಎಲ್ಲರೂ ನಂಬರಕ್ಕ ಎಂದು ಕರೆಯುತ್ತಿದ್ದರು. ಯಾರು ಏನೇ ಕೇಳಲು ಬಂದರೂ ತಲೆ ಎತ್ತದೆ ಅವಳು ಕೇಳುತ್ತಿದ್ದ ಮೊದಲ ಮಾತು "ನಂಬರ್ ಹೇಳಿ" ಎಂಬುದು. ಒಮ್ಮೆ ಗಂಡ ಫೋನು ಮಾಡಿ "ಲೇ, ನಾನು ಕಣೇ" ಅಂದಾಗಲೂ ಬಾಯಿ ತಪ್ಪಿ "ನಂಬರ್ ಹೇಳಿ" ಎಂದಿದ್ದಳು. ಅವನು ಶಾಲೆಯ ಬಸ್ಸು ಓಡಿಸುವವನು. ತಡಮಾಡದೆ ತನ್ನ ಬಸ್ಸಿನ ನಂಬರ್ ಹೇಳಿದ್ದ.

ಆ ವರ್ಷ ಸಂಸ್ಥೆಗೆ ಹೊಸ ತಂತ್ರಾಂಶ ಬರುವುದೆಂದು ನಿಶ್ಚಯವಾಯಿತು. ಹಳೆಯದರಲ್ಲಿ ಮೂವತ್ತು ವರ್ಷದ ಗ್ರಾಹಕರ ಹೆಸರುಗಳು ತುಂಬಿಕೊಂಡಿದ್ದವು. ಒಂದು ಹೆಸರು ಹುಡುಕಲು ಕೊಟ್ಟರೆ ಅದು ಮೈ ಮುರಿದು, ಆಕಳಿಸಿ, ಆಮೇಲೆ ಎದ್ದು ಹೋಗಿ ತಂದುಕೊಟ್ಟಷ್ಟು ಹೊತ್ತು ಹಿಡಿಯುತ್ತಿತ್ತು. ಮ್ಯಾನೇಜರು ಬಂದು ಆರು ತಿಂಗಳಾಗಿತ್ತು ಅಷ್ಟೆ. ಮೇಜಿನ ಮೇಲೆ ಯಾವಾಗಲೂ ಹೊಟ್ಟೆಯುರಿಯ ಮಾತ್ರೆಯ ಹಾಳೆ ಇಟ್ಟುಕೊಂಡಿರುವ ಮನುಷ್ಯ. ಅವರು ನಂಬರಕ್ಕನನ್ನು ಕರೆಸಿ ಒಂದು ಕಾಗದ ಕೊಟ್ಟರು.

"ಮೇಲಿನಿಂದ ಬಂದಿದೆ. ಹೊಸ ಮನೆಗೆ ಹೋಗೋವಾಗ ಹಳೇ ಕಸ ಹೊತ್ಕೊಂಡು ಹೋಗೋದು ಬೇಡ ಅಂತಾರೆ. ನಾಲ್ಕು ವರ್ಷದಿಂದ ನಮ್ಮ ಕಡೆ ತಲೆ ಹಾಕದೇ ಇರೋರಿಗೆ ಫೋನ್ ಮಾಡ್ಬೇಕು. ಬೇರೆ ಬೇರೆ ದಿನ, ಮೂರು ಸಲ. ಎತ್ತಿದ್ರೆ ಸರಿ. ಎತ್ತದೇ ಇದ್ರೆ ನಿಷ್ಕ್ರಿಯ ಅಂತ ಗುರುತು ಹಾಕಿ."

"ಆಮೇಲೆ?"

"ಆಮೇಲೆ ಏನು, ಮೂರು ತಿಂಗಳು ಮುಗಿದ ದಿನ ಎಲ್ಲಾ ಒಟ್ಟಿಗೆ ಅಳಿಸೋದು. ಕೆಳಗಿರೋ ಅಚ್ಚುಗಳೂ ಹೋಗ್ಬೇಕು. ಆ ನೆಲಮಾಳಿಗೆ ಖಾಲಿ ಮಾಡ್ಬೇಕಂತೆ."

ಕಿವಿಯಂತ್ರ ಕಿವಿಯಲ್ಲಿ ಸರಿಯಾಗಿ ಕೂರಬೇಕಾದರೆ ಅವರವರ ಕಿವಿಯ ಒಳ ಆಕಾರಕ್ಕೆ ತಕ್ಕ ಒಂದು ಮೆತ್ತನೆಯ ತುಂಡು ಬೇಕು. ಅದನ್ನು ಮಾಡಲು ಮೊದಲು ಕಿವಿಯ ಅಚ್ಚು ತೆಗೆಯಬೇಕು. ನೆಲಮಾಳಿಗೆಯಲ್ಲಿ ಗೋಡೆಯುದ್ದಕ್ಕೂ ಇದ್ದ ಸಣ್ಣ ಸಣ್ಣ ಖಾನೆಗಳಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಗಳಲ್ಲಿ, ಊರ ಕಿವಿಗಳೆಲ್ಲ ಇದ್ದವು. ತುಂಡು ಒಡೆದರೆ, ಕಳೆದರೆ, ಅಚ್ಚು ನೋಡಿ ಎರಡು ದಿನದಲ್ಲಿ ಇನ್ನೊಂದು ಮಾಡಿಕೊಡಬಹುದಿತ್ತು. ಆ ಕೆಲಸದ ಮನುಷ್ಯನಿಗೆ ಅಚ್ಚಿನ ಮೇಸ್ತ್ರಿ ಎಂದು ಹೆಸರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನೆಲಮಾಳಿಗೆಯಿಂದ ಮೇಲೆ ಬರುವುದು ಊಟಕ್ಕೆ ಮತ್ತು ಮನೆಗೆ ಹೋಗುವುದಕ್ಕೆ ಮಾತ್ರ.

ಎರಡು ಸಾವಿರದ ಮುನ್ನೂರು ಹೆಸರುಗಳ ಪಟ್ಟಿ ಬಂತು. ನಂಬರಕ್ಕ ದಿನಕ್ಕೆ ನೂರು ಕರೆಯ ಲೆಕ್ಕ ಹಾಕಿಕೊಂಡು ಶುರುಮಾಡಿದಳು.

ಮೊದಲ ವಾರ ಅವಳಿಗೆ ಆ ಕೆಲಸ ಅಷ್ಟೇನೂ ಬೇಸರವಾಗಲಿಲ್ಲ. ಯಾರೋ ಒಬ್ಬರು ಯಂತ್ರ ಬೇಡವೆಂದು ಎಂದೋ ಬಿಟ್ಟುಬಿಟ್ಟಿದ್ದರು. ಇನ್ನೊಬ್ಬರು ಬೇರೆ ಊರಿಗೆ ಹೋಗಿದ್ದರು. ಒಂದು ಮನೆಯ ಸೊಸೆ, "ನಮ್ಮ ಮಾವನ ಯಂತ್ರ ಈಗ ನಾಯಿ ಹತ್ರ ಇದೆ, ಕಚ್ಚಿ ಕಚ್ಚಿ ಆಡುತ್ತೆ" ಎಂದಳು. ತೀರಿಕೊಂಡವರೂ ಬಹಳ ಮಂದಿ. ಅದಕ್ಕೆ ಬೇರೆ ಗುರುತು ಇತ್ತು. "ಕ್ಷಮಿಸಿ, ನಮಗೆ ಗೊತ್ತಿರಲಿಲ್ಲ" ಎನ್ನುವುದು, 'ಮೃತ' ಎಂದು ಒತ್ತುವುದು, ಮುಂದಿನ ಹೆಸರಿಗೆ ಹೋಗುವುದು. ಒಬ್ಬಾಕೆ ಮಾತ್ರ ಬಿಡಲಿಲ್ಲ. "ಇವರ ಯಂತ್ರ ಕಪಾಟಿನಲ್ಲಿದೆ, ಬ್ಯಾಟರಿ ತೆಗೆದಿಟ್ಟಿದ್ದೀನಿ, ಒಳ್ಳೇದಲ್ವಾ ಹಾಗೆ ಮಾಡಿದ್ದು?" ಎಂದು ಕೇಳಿದಳು. ಒಳ್ಳೆಯದೇ ಎಂದಳು ನಂಬರಕ್ಕ. ಗಂಡ ಹೋಗಿ ಮೂರು ವರ್ಷವಾಗಿತ್ತಂತೆ.

ಮೂರನೆಯ ವಾರದ ಹೊತ್ತಿಗೆ ಅವಳ ಗಂಟಲು ಒಣಗಿತು. ಒಂದೇ ವಾಕ್ಯವನ್ನು ದಿನಕ್ಕೆ ನೂರು ಸಲ ಹೇಳಿದರೆ ಅದರ ಅರ್ಥವೆಲ್ಲ ಸೋರಿಹೋಗಿ ಬರೀ ಸದ್ದು ಉಳಿಯುತ್ತದೆ. ರಿಸೀವರ್ ಒತ್ತಿ ಒತ್ತಿ ಎಡಗಿವಿ ಕೆಂಪಾಯಿತು. ಕಿವಿ ಬದಲಾಯಿಸಿದಳು, ಬಲಗಿವಿಯೂ ಕೆಂಪಾಯಿತು. ಬಹುತೇಕ ಸಂಖ್ಯೆಗಳು ಹಳೆಯ ಕಾಲದ ಮನೆ ಫೋನುಗಳವು, ಸಂದೇಶ ಕಳಿಸಲು ಬರುವಂಥವಲ್ಲ. ಮೂವತ್ತೈದು, ನಲವತ್ತು ಸಲ ಟ್ರಿಣ್ ಟ್ರಿಣ್ ಎಂದು ಎಲ್ಲೋ ಒಂದು ಕೋಣೆಯಲ್ಲಿ ಹೊಡೆದುಕೊಂಡು ತಣ್ಣಗಾಗುತ್ತಿದ್ದವು. ಅವಳಿಗೆ ಅದೇ ಇಷ್ಟವಾಗತೊಡಗಿತು. ಯಾರೂ ಎತ್ತದಿದ್ದರೆ ಮಾತಾಡುವ ಕಷ್ಟವಿಲ್ಲ. ಪಟ್ಟಿಯಲ್ಲಿ ಒಂದು ಗೀಟು ಎಳೆದು ಮುಂದೆ ಹೋದರಾಯಿತು. ಮೂರು ಗೀಟು ಬಿದ್ದ ಹೆಸರುಗಳನ್ನು ನಿಷ್ಕ್ರಿಯ ಮಾಡಿ, ಪ್ರತಿ ಶುಕ್ರವಾರ ಆ ಸಂಖ್ಯೆಗಳ ಪಟ್ಟಿಯನ್ನು ಕೆಳಗೆ ಮೇಸ್ತ್ರಿಗೆ ಕಳಿಸುತ್ತಿದ್ದಳು.

ಮನೆಗೆ ಹೋದರೆ ಅಲ್ಲಿ ನಾದಿನಿ. ಗಂಡನ ಅಕ್ಕ, ನಿವೃತ್ತ ಪ್ರಾಥಮಿಕ ಶಾಲೆಯ ಟೀಚರು, ಮಂಡಿಯ ಆಪರೇಷನ್ ಮಾಡಿಸಿಕೊಂಡು ಮೂರು ತಿಂಗಳ ಮಟ್ಟಿಗೆ ಇವರ ಮನೆಗೆ ಬಂದಿದ್ದರು. ಕಿಟಕಿ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಕೂತು, ಬೀದಿಯಲ್ಲಿ ಹೋದವರು ಬಂದವರು ಎಲ್ಲರ ವರದಿ ಒಟ್ಟುಮಾಡಿ ಇಟ್ಟುಕೊಂಡು, ನಂಬರಕ್ಕ ಚಪ್ಪಲಿ ಬಿಡುವುದನ್ನೇ ಕಾಯುತ್ತಿದ್ದರು.

"ಎದುರುಮನೆಯವರು ಹೊಸ ಪರದೆ ಹಾಕಿದಾರೆ. ಬಣ್ಣ ನೋಡಿದ್ಯಾ? ನನಗೇನೋ ಹಿಡಿಸ್ಲಿಲ್ಲಪ್ಪಾ. ಯಾಕೆ ಮಾತಾಡಲ್ಲ? ಏನಾಯ್ತು?"

"ಏನೂ ಇಲ್ಲ ಅಕ್ಕಾ. ಬಾಯಿ ನೋವು."

"ಬಾಯಿ ನೋಯುವಷ್ಟು ಏನು ಮಾತಾಡಿದೆ ನೀನು?" ಎಂದು ಅವರು ಆಶ್ಚರ್ಯಪಡುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಒಳಗಿನಿಂದ ಕಿಸಕ್ಕನೆ ನಗುತ್ತಿದ್ದಳು.

ಒಂದು ಸಂಜೆ, ನಾದಿನಿಯನ್ನು ನಗಿಸೋಣವೆಂದು ನಂಬರಕ್ಕ ಆ ದಿನದ ಕರೆಯೊಂದರ ಕಥೆ ಹೇಳಿದಳು. ಯಾರೋ ಹೆಂಗಸು ಫೋನು ಎತ್ತಿ "ಹಲೋ? ಹಲೋ? ಯಾರು? ಜೋರಾಗಿ ಹೇಳಿ!" ಎಂದು ಕಿರುಚಿದ್ದಳು. ನಂಬರಕ್ಕ ಜೋರಾಗಿ ಹೇಳಿದಳು. "ಹಲೋ? ಯಾರೂ ಇಲ್ವಾ? ಯಾರೂ ಇಲ್ದೆ ಯಾಕೆ ಫೋನ್ ಮಾಡ್ತೀರಿ?" ಎಂದು ಬೈದು ಆಕೆ ಇಟ್ಟುಬಿಟ್ಟಳು. ನಂಬರಕ್ಕ ಆಕೆಯ ದನಿಯನ್ನೇ ಅನುಕರಿಸಿ ತೋರಿಸಿದಳು. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಂಡಿ ನೋವೆಂದು ಕೂಗಿಕೊಂಡು ಮತ್ತೆ ನಕ್ಕರು. ಆ ಕರೆಯನ್ನು ಯಾವ ಖಾನೆಗೆ ಹಾಕಬೇಕೆಂದು ನಂಬರಕ್ಕನಿಗೆ ತಿಳಿದಿರಲಿಲ್ಲ. ಮಾತು ಮುಂದುವರಿಯಲಿಲ್ಲವಲ್ಲ ಎಂದು ಅದಕ್ಕೂ ಒಂದು ಗೀಟು ಎಳೆದಿದ್ದಳು.

ಒಂಬತ್ತು ವಾರಕ್ಕೆ ಪಟ್ಟಿ ಮುಗಿಯಿತು. ನಾನೂರ ಹತ್ತು ಮಂದಿ ತೀರಿಕೊಂಡಿದ್ದರು. ಸಾವಿರದ ಎಪ್ಪತ್ತು ಕಡೆ ಯಾರಾದರೂ ಉತ್ತರ ಕೊಟ್ಟಿದ್ದರು. ಎಂಟುನೂರ ಇಪ್ಪತ್ತು ಮಂದಿ ಮೂರು ಸಲವೂ ಉತ್ತರಿಸಿರಲಿಲ್ಲ. ಅಳಿಸುವ ದಿನಕ್ಕೆ ಇನ್ನೂ ಮೂರು ವಾರಕ್ಕೂ ಮಿಕ್ಕಿ ಸಮಯವಿತ್ತು. ಮ್ಯಾನೇಜರು ಮೊದಲ ಸಲ ನಕ್ಕು, "ಭೇಷ್, ಹೇಳಿದ್ದಕ್ಕಿಂತ ಮುಂಚೇನೇ ಮುಗಿಸಿದ್ರಿ" ಎಂದರು.

ಎರಡು ದಿನ ಬಿಟ್ಟು ಬೆಳಗ್ಗೆ ಹತ್ತೂವರೆಗೆ ಮುಂಭಾಗದ ಕೌಂಟರಿನಲ್ಲಿ ಗಲಾಟೆ ಕೇಳಿಸಿತು. ಅರವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಬಂದಿದ್ದವರು, ಬಿರುಕು ಬಿಟ್ಟ ಕಿವಿಯ ತುಂಡನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ಶಾಲೆ, ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿಯುವ ದರ್ಜಿ. ಐದು ವರ್ಷದಿಂದ ಯಂತ್ರ ಚೆನ್ನಾಗಿ ನಡೆಯುತ್ತಿತ್ತು, ಹಾಗಾಗಿ ಬರುವ ಅಗತ್ಯ ಬಿದ್ದಿರಲಿಲ್ಲ. ಕೌಂಟರಿನ ಹುಡುಗಿ ಗಾಬರಿಯಾಗಿ ಪರದೆಯನ್ನು ಅವರ ಕಡೆಗೇ ತಿರುಗಿಸಿದ್ದಳು.

"ಏನಿದು? ನಿಷ್ಕ್ರಿಯ?" ದರ್ಜಿ ಕಿವಿ ಕೇಳದವರ ಏರುದನಿಯಲ್ಲಿ ಓದಿದರು. "ಯಾರು, ನಾನಾ? ಐದು ಗಂಟೆಗೆ ಎದ್ದು ಹದಿನಾಲ್ಕು ಅಂಗಿಗೆ ಕಾಜಾ ಹಾಕಿ ಬಂದಿದೀನಿ ಕಣಮ್ಮಾ!"

ಕಾಯುತ್ತ ಕೂತವರು ನಕ್ಕರು. ನಂಬರಕ್ಕ ಎದ್ದು ಬಂದು, ಅವರಿಗೆ ತುಟಿ ಕಾಣುವಂತೆ ಎದುರು ನಿಂತು ನಿಧಾನವಾಗಿ ಹೇಳಿದಳು: "ನಿಮಗೆ ಮೂರು ಸಲ ಫೋನ್ ಮಾಡಿದ್ವಿ. ನೀವು ಎತ್ತಲಿಲ್ಲ."

ದರ್ಜಿ ಅವಳ ಮುಖವನ್ನೇ ನೋಡಿದರು. ತುಟಿಯನ್ನು ತಪ್ಪಾಗಿ ಓದಿಕೊಂಡೆನೇನೋ ಎಂದು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಕೇಳಿದರು, "ಫೋನಾ? ನನಗಾ? ಸಂಜೆ ಯಂತ್ರ ಬಿಚ್ಚಿಟ್ಟ ಮೇಲೆ ಮನೆ ಬಿದ್ರೂ ನನಗೆ ಕೇಳಿಸಲ್ಲ. ಹಗಲು ಹೊಲಿಗೆ ಮಿಷನ್ ಸದ್ದಿಗೆ ಅಂತ ತೆಗೆದೇ ಇಟ್ಟಿರ್ತೀನಿ. ಗಿರಾಕಿ ಬಂದಾಗ ಹಾಕ್ಕೊಂಡಿದ್ರೂ ಗಂಟೆ ಕೇಳುತ್ತೆ, ಫೋನಿನ ಮಾತು ಕೇಳಲ್ಲ. ಕಿವುಡರು ಅಂತ ಗೊತ್ತಿದ್ದೂ ಫೋನ್ ಮಾಡಿದ್ರಾ?"

ನಗು ನಿಂತುಹೋಯಿತು. ನಂಬರಕ್ಕ ಪರದೆಯ ಕಡೆ ಬಗ್ಗಿದಳು. ಪರದೆಯ ಮೂಲೆಯಲ್ಲಿ ಗುರುತು ಹಾಕಿದವರು ಯಾರೆಂಬ ಜಾಗದಲ್ಲಿ ತನ್ನದೇ ಹೆಸರಿತ್ತು. ಕೆಳಗೆ ಮೂರು ಕರೆಗಳ ವಿವರ. ಮೂರನೆಯದರ ಮುಂದೆ ತಾನೇ ಬರೆದಿದ್ದಳು: ಎತ್ತಿದರು, ಮಾತು ಮುಂದುವರಿಯಲಿಲ್ಲ.

"ಜೋರಾಗಿ ಹೇಳಿ" ಎಂದು ಕಿರುಚಿದ್ದವರು ಇವರೇ. ಇವರ ದನಿಯನ್ನೇ ಅವಳು ಮನೆಯಲ್ಲಿ ಆಡಿ ತೋರಿಸಿದ್ದಳು.

ಅಚ್ಚು ಎಂದೋ ಹೋಗಿತ್ತು. ಹೊಸದಾಗಿ ತೆಗೆಯಬೇಕು, ಸರದಿ ಇದೆ, ವಾರ ಬಿಟ್ಟು ಬನ್ನಿ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ದರ್ಜಿ ಚೀಟಿ ಓದಿ, ಮಡಚಿ, ಒಡೆದ ತುಂಡನ್ನು ಅದರಲ್ಲೇ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಬೈಯಲಿಲ್ಲ. "ಒಂದು ವಾರ ಗಿರಾಕಿಗಳ ಹತ್ರ ಕೈಸನ್ನೆ ಮಾಡ್ಕೊಂಡಿರ್ತೀನಿ" ಎಂದಷ್ಟೇ ಹೇಳಿ ಹೋದರು.

ನಂಬರಕ್ಕ ನೇರ ಮ್ಯಾನೇಜರ ಕೋಣೆಗೆ ಹೋದಳು. ಇಪ್ಪತ್ತಾರು ವರ್ಷ ಕಿವಿ ಕೇಳದವರ ಮಧ್ಯವೇ ಕೆಲಸ ಮಾಡಿದ್ದ ತನಗೆ ಮೊದಲ ದಿನವೇ ಹೊಳೆಯಬೇಕಾಗಿದ್ದ ಮಾತನ್ನು ಈಗ ಅವರಿಗೆ ಹೇಳಬೇಕಾಗಿ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಅವರು ಪೂರ್ತಿ ಕೇಳಿ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡರು.

"ಮನೇಲಿ ಬೇರೆ ಯಾರೂ ಇರಲ್ವೇನ್ರೀ? ಯಾರಾದ್ರೂ ಎತ್ತಬಹುದಿತ್ತಲ್ಲ."

"ಇದ್ದೋರ ಮನೇಲಿ ಎತ್ತಿದಾರೆ ಸಾರ್. ಉಳಿದಿರೋರು ಒಂಟಿಯಾಗಿ ಇರೋರು. ಅವರಿಗೇ ತಾನೆ ಯಂತ್ರ ಜಾಸ್ತಿ ಬೇಕಾಗಿರೋದು?"

ಅವರು ಮೇಲಿನಿಂದ ಬಂದಿದ್ದ ಆ ಕಾಗದದ ಪ್ರತಿ ತೆಗೆದು ಮತ್ತೆ ಓದಿದರು. "ಈ ನಿಯಮ ಬರೆದೋರು ಮೊದಲು ಗ್ಯಾಸ್ ಒಲೆ ಮಾರೋ ಕಂಪನಿಲಿ ಇದ್ರು" ಎಂದರು ಕೊನೆಗೆ. "ಅಲ್ಲಿಂದ ಹಾಗೇ ಎತ್ತಿ ಇಲ್ಲಿಗೆ ಹಾಕಿದಾರೆ ಅನ್ಸುತ್ತೆ. ನಾನೂ ಓದಿ ಸುಮ್ನೆ ನಿಮಗೆ ದಾಟಿಸಿದೆ. ದಿನಾಂಕ ನನ್ನ ಕೈಲಿಲ್ಲ ನಂಬರಕ್ಕ. ಆ ದಿನದೊಳಗೆ ನೀವು ಎಷ್ಟು ಜನರನ್ನ ವಾಪಸ್ ತಂದ್ರೂ ನಾನು ಸಹಿ ಹಾಕ್ತೀನಿ. ಅದರ ಮೇಲೆ ಆಗಲ್ಲ."

ಅವರು ಅವಳನ್ನು ನಂಬರಕ್ಕ ಎಂದು ಕರೆದದ್ದು ಅದೇ ಮೊದಲು.

ಅಲ್ಲಿಂದ ನೆಲಮಾಳಿಗೆಗೆ ಇಳಿದಳು. ಮೇಸ್ತ್ರಿ ದೀಪದ ಕೆಳಗೆ ಒಂದು ತುಂಡನ್ನು ಉಜ್ಜುತ್ತ ಕೂತಿದ್ದ. ಗೋಡೆಯ ಖಾನೆಗಳಲ್ಲಿ ಅರ್ಧಕ್ಕರ್ಧ ಖಾಲಿಯಾಗಿದ್ದವು. ಧೂಳಿನಲ್ಲಿ ಡಬ್ಬಿಗಳಿದ್ದ ಜಾಗದ ಚೌಕಗಳು ಮಾತ್ರ ಕಾಣುತ್ತಿದ್ದವು. ಅವಳು ನಡೆದದ್ದನ್ನು ಹೇಳಿದಳು. ಮೇಸ್ತ್ರಿಯ ಕೈ ನಿಂತಿತು.

"ಬದುಕಿದಾರಾ ಇವರೆಲ್ಲ?"

"ಎಲ್ಲರೂ ಅಲ್ಲ. ಎಷ್ಟು ಜನ ಅಂತ ಗೊತ್ತಿಲ್ಲ."

"ಸತ್ತವರ ಪಟ್ಟಿ ಅಂದ್ಕೊಂಡಿದ್ದೆ ನಾನು!" ಮೇಸ್ತ್ರಿಯ ದನಿ ಏರಿತು. "ಪ್ರತಿ ಶುಕ್ರವಾರ ನೀನು ಪಟ್ಟಿ ಕಳಿಸ್ತಿದ್ದೆ. ನಾನು ಒಂದೊಂದೇ ಡಬ್ಬಿ ತೆಗೆದು, ಒಂದ್ಸಲ ತೆರೆದು ನೋಡಿ, ಚೀಲಕ್ಕೆ ಹಾಕ್ತಿದ್ದೆ. ಇಷ್ಟು ಜನ ಹೋಗಿಬಿಟ್ರಾ ಅಂತ ಊಟ ಸೇರ್ತಿರಲಿಲ್ಲ ನನಗೆ."

"ಪಟ್ಟಿ ಮೇಲೆ ನಿಷ್ಕ್ರಿಯ ಅಂತ ಬರೆದಿದ್ದೆನಲ್ಲ ಮೇಸ್ತ್ರಿ."

"ನಿಷ್ಕ್ರಿಯ ಅಂದ್ರೆ ಏನು ಅರ್ಥ ಮಾಡ್ಕೊಬೇಕಿತ್ತು? ಸಾಯೋದಕ್ಕಿಂತ ಜಾಸ್ತಿ ನಿಷ್ಕ್ರಿಯ ಇನ್ನೇನಿದೆ?"

"ನೀವು ಒಂದು ಮಾತು ಕೇಳಬಹುದಿತ್ತು."

"ನೀನೂ ಒಂದ್ಸಲ ಕೆಳಗೆ ಇಳಿದು ಬರಬಹುದಿತ್ತು. ಮೆಟ್ಟಿಲು ಹನ್ನೆರಡೇ ಇರೋದು."

ಮೇಸ್ತ್ರಿ ದೀಪ ಆರಿಸಿ, ಕೋಟು ತೆಗೆದುಕೊಂಡು, ಊಟದ ಹೊತ್ತಾಗುವ ಮೊದಲೇ ಮೇಲೆ ಹೊರಟುಹೋದ. ಚೀಲಗಳೆಲ್ಲ ವಾರವಾರವೂ ಕಸದ ಲಾರಿಯಲ್ಲಿ ಹೋಗಿದ್ದವು. ಅವನ್ನು ಮರಳಿ ತರುವ ದಾರಿ ಯಾವುದೂ ಇರಲಿಲ್ಲ.

ಹೋದದ್ದು ಹೋಯಿತು, ಹೆಸರುಗಳನ್ನಾದರೂ ಉಳಿಸಿಕೊಳ್ಳಬೇಕಿತ್ತು. ಹೆಸರಿನ ಜೊತೆ ಆ ಮನುಷ್ಯನ ಕಿವಿಯ ಹಳೆಯ ಪರೀಕ್ಷೆಗಳ ನಕ್ಷೆ ಇರುತ್ತಿತ್ತು. ಯಾವ ವರ್ಷ ಎಷ್ಟು ಕೇಳಿಸುತ್ತಿತ್ತು, ಯಂತ್ರವನ್ನು ಯಾವ ಹದಕ್ಕೆ ಕೂರಿಸಿದ್ದರು ಎಲ್ಲವೂ. ಅದು ಅಳಿದರೆ ಮೊದಲಿಂದ ಶುರು. ನಂಬರಕ್ಕ ಒಂದು ಕಾರ್ಡು ಬರೆದಳು. ದೊಡ್ಡ ಅಕ್ಷರದಲ್ಲಿ ನಾಲ್ಕೇ ಸಾಲು: ನಾವು ನಿಮಗೆ ಫೋನ್ ಮಾಡಿದೆವು, ಅದು ನಮ್ಮ ತಪ್ಪು. ನಿಮ್ಮ ದಾಖಲೆ ಉಳಿಯಬೇಕಾದರೆ ಕೆಳಗೆ ಸಹಿ ಮಾಡಿ ಈ ಕಾರ್ಡನ್ನೇ ಅಂಚೆಗೆ ಹಾಕಿ. ಕೆಳಗೆ ಕೊನೆಯ ದಿನಾಂಕ. 'ಅದು ನಮ್ಮ ತಪ್ಪು' ಎಂಬುದನ್ನು ತೆಗೆಯಬಹುದಾ ಎಂದು ಮ್ಯಾನೇಜರು ಕೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಇರಲಿ ಬಿಡಿ ಎಂದು ಅವರೇ ಮುದ್ರಣಕ್ಕೆ ಕೊಟ್ಟರು.

ವಿಳಾಸಗಳದ್ದೇ ತಾಪತ್ರಯವಾಯಿತು. ಹಳೆಯ ತಂತ್ರಾಂಶಕ್ಕೆ ಪಟ್ಟಿ ಮುದ್ರಿಸಲು ಬರುತ್ತಿತ್ತೇ ಹೊರತು ಕಾರ್ಡಿನ ಮೇಲೆ ವಿಳಾಸ ಹಾಕಲು ಬರುತ್ತಿರಲಿಲ್ಲ. ಎಂಟುನೂರ ಇಪ್ಪತ್ತು ಕಾರ್ಡುಗಳನ್ನು ಎರಡು ಚೀಲದಲ್ಲಿ ತುಂಬಿಕೊಂಡು ಅವಳು ಮನೆಗೆ ಬಂದಾಗ, ಅವಳ ಮುಖ ನೋಡಿ ನಾದಿನಿ ಪರದೆಯ ಸುದ್ದಿ ಎತ್ತಲಿಲ್ಲ.

"ಏನಾಗಿದೆ ಹೇಳು" ಎಂದರು.

ನಂಬರಕ್ಕ ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ನಕ್ಕದ್ದನ್ನೂ. ನಾದಿನಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಛೆ! ನಾನು ಮಂಡಿ ಹಿಡ್ಕೊಂಡು ನಕ್ಕೆನಲ್ಲೇ" ಎಂದರು. ಆಮೇಲೆ ಕೈ ಚಾಚಿದರು. "ಕೊಡು ಇಲ್ಲಿ. ಮೂವತ್ನಾಲ್ಕು ವರ್ಷ ಕಪ್ಪು ಹಲಗೆ ಮೇಲೆ ಬರೆದ ಕೈ ಇದು. ಕಣ್ಣು ಮಂಜಾದೋರಿಗೂ ಓದೋಕೆ ಬರೋ ಹಾಗೆ ಬರೀತೀನಿ."

ಒಂಬತ್ತು ದಿನ ಅವರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದರು. ಬೀದಿಯ ಕಡೆ ನೋಡುವುದನ್ನೇ ಬಿಟ್ಟರು. ನೋಡುವುದಕ್ಕೆ ಈಗ ಎಂಟುನೂರು ಬೀದಿಗಳಿದ್ದವು. "ಈ ಓಣಿಲಿ ಒಟ್ಟು ಐದು ಜನ ಇದಾರೆ ನೋಡು, ಅಲ್ಲೇನು ಕಾರ್ಖಾನೆ ಇದ್ಯಾ?" ಎನ್ನುವರು. "ಇವರು ನೀರಿನ ಟ್ಯಾಂಕ್ ಹಿಂದೆ, ಹಸಿರು ಬಾಗಿಲು ಅಂತ ವಿಳಾಸ ಕೊಟ್ಟಿದಾರೆ. ಬಾಗಿಲಿಗೆ ಬೇರೆ ಬಣ್ಣ ಹೊಡೆಸಿದ್ರೆ ಏನು ಗತಿ?" ಮಗಳು ಕಾರ್ಡುಗಳನ್ನು ಬಡಾವಣೆವಾರು ಕಟ್ಟು ಕಟ್ಟಿದಳು. ಗಂಡ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ವಾಪಸಾಗುವಾಗ ಖಾಲಿ ಬಸ್ಸನ್ನು ಅಂಚೆ ಕಚೇರಿಯ ಮುಂದೆ ನಿಲ್ಲಿಸಿ ಕಟ್ಟುಗಳನ್ನು ಕೊಟ್ಟು ಬರುತ್ತಿದ್ದ. ನಂಬರಕ್ಕ ಸಂಜೆ ಬಂದು ನಾದಿನಿಗೆ ಬಿಡುವು ಕೊಡೋಣವೆಂದು ಪೆನ್ನು ಹಿಡಿದರೆ, ಆ ಅಕ್ಷರ ನೋಡಿ ನಾದಿನಿ ಪೆನ್ನು ಕಸಿದುಕೊಂಡರು. "ಇದನ್ನ ಓದೋಕೆ ಅಂಚೆಯವನಿಗೂ ಯಂತ್ರ ಬೇಕು. ಹೋಗಿ ಮಲಕ್ಕೋ."

ಮೂರನೆಯ ದಿನದಿಂದಲೇ ಕಾರ್ಡುಗಳು ತಿರುಗಿ ಬರತೊಡಗಿದವು. ಕೆಲವು ಬರೀ ಸಹಿ. ಕೆಲವರು ಅಂಚಿನಲ್ಲೆಲ್ಲ ಬರೆದಿದ್ದರು. ಒಬ್ಬರು, ಫೋನು ಸತ್ತು ಆರು ವರ್ಷವಾಯಿತು, ಅದರ ಮೇಲೆ ಹೂದಾನಿ ಇಟ್ಟಿದ್ದೇನೆ ಎಂದಿದ್ದರು. ಇನ್ನೊಬ್ಬರು, ನಿಮ್ಮ ಕ್ಷಮೆ ಬೇಡ, ಎಡಗಿವಿಯದ್ದು ಶಿಳ್ಳೆ ಹಾಕುತ್ತದೆ, ಅದಕ್ಕೇನು ಮಾಡುತ್ತೀರಿ ಎಂದು ಕೇಳಿದ್ದರು. ನಂಬರಕ್ಕ ಪ್ರತಿದಿನ ಬಂದಷ್ಟನ್ನು ಒಂದೊಂದಾಗಿ ಮತ್ತೆ ಸಕ್ರಿಯ ಮಾಡಿದಳು. ಒಂದಕ್ಕೆ ಏಳು ಸಲ ಗುಂಡಿ ಒತ್ತಬೇಕಿತ್ತು. ನಿಷ್ಕ್ರಿಯ ಮಾಡಲು ಎರಡೇ ಸಲ ಸಾಕಾಗಿತ್ತು.

ಮೇಸ್ತ್ರಿ ಹನ್ನೊಂದು ದಿನ ಅವಳ ಜೊತೆ ಮಾತಾಡಲಿಲ್ಲ. ದರ್ಜಿ ಬಂದಾಗ ಅಚ್ಚು ತೆಗೆದು, ಮಾರನೆಯ ದಿನವೇ ತುಂಡು ಮಾಡಿ, ಕೌಂಟರಿನ ಹುಡುಗಿಯ ಕೈಗೆ ಕೊಟ್ಟುಹೋಗಿದ್ದ. ಹನ್ನೆರಡನೆಯ ದಿನ ಮಧ್ಯಾಹ್ನ ಅವಳ ಮೇಜಿನ ಬಳಿ ಬಂದು ನಿಂತು, ಬಂದ ಕಾರ್ಡುಗಳ ಕಟ್ಟನ್ನು ಕೈಗೆ ತೆಗೆದುಕೊಂಡು, ಒಂದೊಂದೇ ಹೆಸರು ಓದಿದ.

"ಇವರು ಇದಾರಾ?" ಎಂದ ಒಂದು ಕಾರ್ಡು ಎತ್ತಿ. "ಇವರ ಬಲಗಿವಿ ಒಳಗೆ ಸೊಟ್ಟ. ಮೂರು ಸಲ ಮಾಡಿದ ಮೇಲೆ ಸರಿಹೋಗಿತ್ತು." ಇನ್ನೊಂದನ್ನು ನೋಡಿ, "ಇವರೂ ಇದಾರೆ" ಎಂದ. ಕಟ್ಟು ಮುಗಿಯುವ ತನಕ ಹಾಗೆಯೇ ನಿಂತಿದ್ದ. ಆಮೇಲೆ ಹೇಳಿದ: "ಶನಿವಾರ ಅರ್ಧ ದಿನ ಬಾಗಿಲು ತೆಗೆದಿಡೋಕೆ ಹೇಳು. ತುಂಡು ಸರಿ ಇಲ್ಲದೇ ಇರೋರು ಬರಲಿ. ನಾನು ಹೋಗೋದರೊಳಗೆ ಎಷ್ಟಾಗುತ್ತೋ ಅಷ್ಟು ಅಚ್ಚು ತೆಗೆದಿಟ್ಟು ಹೋಗ್ತೀನಿ."

"ನನ್ನ ಮೇಲೆ ಕೋಪ ಹೋಯ್ತಾ ಮೇಸ್ತ್ರಿ?"

"ಇಲ್ಲ" ಎಂದ ಮೇಸ್ತ್ರಿ. "ಆದ್ರೆ ಸುಸ್ತಾಗಿದೆ. ಕೋಪ ಮಾಡ್ಕೊಳ್ಳೋಕೂ ತ್ರಾಣ ಬೇಕಲ್ಲ."

ಅಳಿಸುವ ದಿನ ಬಂತು. ಇನ್ನೂರ ಅರವತ್ತಮೂರು ಮಂದಿ ಉತ್ತರಿಸಿದ್ದರು. ನೂರ ತೊಂಬತ್ತು ಕಾರ್ಡುಗಳು ವಿಳಾಸದಾರರು ಇಲ್ಲವೆಂದು ಹಾಗೆಯೇ ಮರಳಿದ್ದವು. ಮುನ್ನೂರ ಅರವತ್ತೇಳು ಮಂದಿಯಿಂದ ಏನೂ ಇಲ್ಲ. ಆ ಮುನ್ನೂರ ಅರವತ್ತೇಳನ್ನು ಬೇರೆಲ್ಲಾದರೂ ಬರೆದಿಟ್ಟುಕೊಳ್ಳಲು ಅವಳು ಅನುಮತಿ ಕೇಳಿದಳು. ಗ್ರಾಹಕರ ಗುಟ್ಟಿನ ಮಾಹಿತಿ, ಹೊರಗೆ ಇಡುವಂತಿಲ್ಲ ಎಂದು ಮೇಲಿನಿಂದ ಉತ್ತರ ಬಂತು. ಮ್ಯಾನೇಜರು ಎರಡು ಸಲ ಕೇಳಿದ್ದರಂತೆ. ಮನೆಗೆ ಒಯ್ದಿದ್ದ ಪಟ್ಟಿಯನ್ನೂ ತಂದು ಒಪ್ಪಿಸಬೇಕಾಯಿತು.

ಗುರುತು ಹಾಕಿದವರೇ ಅಳಿಸಬೇಕೆಂಬುದು ಪದ್ಧತಿ. ಬೆಳಗ್ಗೆ ಹನ್ನೊಂದಕ್ಕೆ ನಂಬರಕ್ಕ ತನ್ನ ಗುಪ್ತಪದ ಹಾಕಿದಳು. ಮ್ಯಾನೇಜರು ಪಕ್ಕದಲ್ಲಿ ನಿಂತಿದ್ದರು. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದಳು. ಇನ್ನೊಮ್ಮೆ ಕೇಳಿತು. ಇನ್ನೊಮ್ಮೆ ಒತ್ತಿದಳು. ಒಂದು ಹೆಸರು ಹುಡುಕಲು ಅಷ್ಟು ಹೊತ್ತು ಹಿಡಿಯುತ್ತಿದ್ದ ಆ ತಂತ್ರಾಂಶ ತೀರಿಕೊಂಡವರು, ಕಾರ್ಡು ಮರಳಿದವರು ಎಲ್ಲ ಸೇರಿ ಒಂಬೈನೂರ ಅರವತ್ತೇಳು ಹೆಸರುಗಳನ್ನು ನಾಲ್ಕು ಸೆಕೆಂಡಿನಲ್ಲಿ ಅಳಿಸಿತು. ಮ್ಯಾನೇಜರು ತಮ್ಮ ಕೋಣೆಗೆ ಹೋದರು. ನಂಬರಕ್ಕ ಕೈ ತೊಳೆದು, ಡಬ್ಬಿ ತೆಗೆದು, ಊಟ ಮಾಡಿದಳು. ಹಸಿವಾಗಿತ್ತು.

ನಾದಿನಿಯ ಮಂಡಿ ವಾಸಿಯಾಗಿ ಅವರು ತಮ್ಮ ಮನೆಗೆ ಹೋದರು. ಹೊಸ ತಂತ್ರಾಂಶ ಬಂತು. ಅದು ಚುರುಕಾಗಿತ್ತು, ತಿಳಿ ನೀಲಿ ಬಣ್ಣದ್ದು. ನಂಬರಕ್ಕ ದಾಖಲೆ ವಿಭಾಗ ಬಿಟ್ಟು ಮುಂಭಾಗದ ಕೌಂಟರಿಗೆ ಹಾಕಿಸಿಕೊಂಡಳು. ಅಲ್ಲಿ ನಿಂತೇ ಇರಬೇಕು, ಕಾಲು ಊದಿಕೊಳ್ಳುತ್ತದೆ ಎಂದು ಎಲ್ಲರೂ ಬೇಡವೆಂದರು. ಮುಖ ನೋಡಿ ಮಾತಾಡಬಹುದಲ್ಲ ಎಂದಳು.

ಐದು ವಾರ ಕಳೆದ ಮೇಲೆ ಒಂದು ಶನಿವಾರ ಉದ್ದನೆಯ ಮುದುಕರೊಬ್ಬರು ಬಂದರು. ಬಾಯ್ಲರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸುತ್ತಿಗೆ ಹೊಡೆದು ಕಿವಿ ಕಳೆದುಕೊಂಡವರು. ಕೈಯಲ್ಲಿ ನಾದಿನಿಯ ಕೈಬರಹದ ಕಾರ್ಡು. ಕಾಲು ಮುರಿದು ಆಸ್ಪತ್ರೆಯಲ್ಲಿದ್ದರಂತೆ. ಕಾರ್ಡು ಬಾಗಿಲ ಕೆಳಗೆ ಬಿದ್ದುಕೊಂಡಿತ್ತು.

"ತಡ ಆಯ್ತೇನೋ?" ಎಂದು ಜೋರಾಗಿ ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು. ಕಾಗದದಲ್ಲಿ ಬರೆದಳು: ನಿಮ್ಮ ಹಳೆಯ ದಾಖಲೆ ಅಳಿಸಿಹೋಗಿದೆ, ಅಳಿಸಿದ್ದು ನಾನು.

ಮುದುಕರು ಎರಡು ಸಲ ಓದಿದರು. "ಇಪ್ಪತ್ತೊಂದು ವರ್ಷದ್ದು?"

"ಹೌದು."

"ಪೂರ್ತಿ?"

"ಪೂರ್ತಿ."

ಅವರು ಊರುಗೋಲಿಗೆ ಒರಗಿ ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಸರಿ, ಹೊಸದು ಶುರು ಮಾಡಿ. ಮತ್ತೇನು ಮಾಡೋಕಾಗುತ್ತೆ, ಮನೆಯಿಂದ ಎರಡು ಬಸ್ಸು ಹತ್ತಿ ಬಂದಿದೀನಿ" ಎಂದರು.

ಪರದೆಯ ಮೇಲೆ ಮೊದಲ ಪ್ರಶ್ನೆ, ಇಲ್ಲಿಗೆ ಮೊದಲ ಸಲ ಬರುತ್ತಿದ್ದೀರಾ ಎಂಬುದು. ಇಲ್ಲ ಎಂದು ಒತ್ತಿದರೆ ಅದು ಹಳೆಯ ಸಂಖ್ಯೆ ಕೇಳುತ್ತಿತ್ತು, ಸಂಖ್ಯೆ ಕೊಟ್ಟರೆ ಅಂಥದ್ದಿಲ್ಲ ಎನ್ನುತ್ತಿತ್ತು. ಹೌದು ಎಂದು ಒತ್ತಿದಳು. ಹೆಸರು, ವಿಳಾಸ ತುಂಬಿದಳು. ಫೋನು ನಂಬರಿನ ಜಾಗದಲ್ಲಿ ಸೊನ್ನೆಗಳನ್ನು ತುಂಬಿ, ಕೆಳಗೆ 'ಕಾಗದ ಬರೆಯಿರಿ' ಎಂದು ಸೇರಿಸಿದಳು.

ನೆಲಮಾಳಿಗೆಗೆ ಅವರನ್ನು ತೋಳು ಹಿಡಿದು ಅವಳೇ ಇಳಿಸಿದಳು. ಮೇಸ್ತ್ರಿ ಅವರನ್ನು ನೋಡಿದೊಡನೆ ಎದ್ದು ನಿಂತು ಎರಡೂ ಕೈ ಹಿಡಿದುಕೊಂಡ. ಕುರ್ಚಿಯಲ್ಲಿ ಕೂರಿಸಿ, ಗುಲಾಬಿ ಬಣ್ಣದ ಹಿಟ್ಟು ಕಲಸಿ, ಎರಡೂ ಕಿವಿಗೆ ಮೆತ್ತಗೆ ತುಂಬಿದ. ಅದು ಗಟ್ಟಿಯಾಗಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ದವಡೆ ಅಲುಗಿಸಬಾರದು, ಮಾತಾಡಬಾರದು. ಮುದುಕರು ಕಣ್ಣು ಮುಚ್ಚಿಕೊಂಡರು. ಮೇಸ್ತ್ರಿ ಗೋಡೆಗೆ ಒರಗಿ ಕೈಕಟ್ಟಿ ನಿಂತ. ಮೇಲೆ ಕೌಂಟರಿನಲ್ಲಿ ಯಾರೋ ಗಂಟೆ ಒತ್ತಿದರು, ಇನ್ನೊಬ್ಬರು ಹೋಗಿ ನೋಡಿಕೊಂಡಿರಬೇಕು, ಮತ್ತೆ ಕೇಳಿಸಲಿಲ್ಲ. ನಂಬರಕ್ಕ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಯಾರೂ ಏನೂ ಹೇಳಬೇಕಾಗಿರಲಿಲ್ಲ.